ಎಡತುದಿಯ ಜಾಗ

ಅಕ್ಕಾ,

ವಿಸ್ಕಾನ್ಸಿನ್‌ನಲ್ಲಿ ಆಗಸ್ಟ್‌ನಲ್ಲೂ ಬೆಳಗ್ಗೆ ಸ್ವೆಟರ್ ಬೇಕು. ಈ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲಿನಲ್ಲಿ ಎಡತುದಿಯ ಜಾಗ ಹನ್ನೊಂದು ವರ್ಷದಿಂದ ಕೆಸ್ಲರ್ ಅವರದು. ನಾನು ತರಬೇತಿ ಶಿಬಿರಕ್ಕೆ ಬಂದಿರುವುದೇ ಅದನ್ನು ಕಿತ್ತುಕೊಳ್ಳಲು.

ಮಂಗಳವಾರ ಅಭ್ಯಾಸದಲ್ಲಿ ಎದುರು ಸಾಲಿನವನು ನನ್ನನ್ನು ಮೂರು ಸಲ ಅಂಗಾತ ಕೆಡವಿದ. ಎಲ್ಲರೂ ನಕ್ಕರು. ಊಟದ ಹೊತ್ತಿಗೆ ಕೆಸ್ಲರ್ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತರು.

"ಲೋ ರೆಮಿ, ಚೆಂಡು ಕದಲೋ ಮುಂಚೇನೇ ನಿನ್ನ ಎಡಗಾಲಿನ ಹಿಮ್ಮಡಿ ಏಳುತ್ತೆ. ಅವನು ಅದನ್ನ ನೋಡ್ಕೊಂಡೇ ನುಗ್ತಾನೆ."

"ಇದನ್ನ ನನಗ್ಯಾಕೆ ಹೇಳ್ತಿದ್ದೀರಿ?" ಅಂದೆ.

"ನೀನು ಬಿದ್ರೆ ಪೆಟ್ಟು ಬೀಳೋದು ಕ್ವಾರ್ಟರ್‌ಬ್ಯಾಕ್‌ಗೆ. ಹನ್ನೊಂದು ವರ್ಷ ಅವನ ಬೆನ್ನು ಕಾದಿದ್ದೀನಿ ಕಣೋ. ತಿನ್ನು."

ಇವತ್ತು ಹಿಮ್ಮಡಿ ನೆಲಕ್ಕೊತ್ತಿ ನಿಂತೆ, ಒಮ್ಮೆಯೂ ಬೀಳಲಿಲ್ಲ. ಮಧ್ಯಾಹ್ನ ಕೋಚ್ ಮೊದಲ ತಂಡದ ಎಡತುದಿಗೆ ನನ್ನ ಹೆಸರು ಕೂಗಿದರು. ಕೆಸ್ಲರ್ ಎರಡನೆಯ ತಂಡದತ್ತ ನಡೆದರು. ನನಗೆ ಖುಷಿಪಡಲೂ ಆಗಲಿಲ್ಲ.

ನನ್ನ ಮೊಣಕಾಲಿನ ಊತ ಇಳಿದಿದೆ ಎಂದು ಅಮ್ಮನಿಗೆ ಹೇಳು.

ಸಂಜೆ ಕೆಸ್ಲರ್ ಅವರ ಕೋಣೆಯ ಬಾಗಿಲು ತಟ್ಟಿದೆ. ಅವರು ಬಾಗಿಲು ತೆರೆದು ನನ್ನ ಮುಖ ನೋಡಿದರು. "ಹೋಗಿ ಮಲ್ಕೊಳ್ಳೋ. ನಾಳೆ ನಿನ್ನಿಂದ ಆ ಜಾಗಾನ ವಾಪಸ್ ಕಿತ್ಕೋಬೇಕು ನಾನು," ಅಂದರು.

ನಿನ್ನ ತಮ್ಮ,
ರೆಮಿ