ಚೆನ್ನಿಯ ಮುಂದೆ ಎಷ್ಟು ಇಡಬೇಕು

ನೆಲಮನೆ, ಫೆಬ್ರವರಿ ಮೂವತ್ತು, 2291

ಹಿಂದಿನವರಿಗೆ ದುರಗವ್ವ ಬರೆಯುವುದು.

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಊರಿಗೆ ಹಿರಿಯಳು ನೀನೇ, ನೀನೇ ಬರೆಯಬೇಕು ಎಂದು ಶಾಲೆಯ ಮಾಸ್ತರ ಬಸಲಿಂಗ ಹಾಳೆ ತಂದು ಎದುರಿಗೆ ಕೂತಿದ್ದಾನೆ. ಕಲಿಸಲು ಮಕ್ಕಳಿಲ್ಲದ ಮಾಸ್ತರನಿಗೆ ಬೇರೆ ಕೆಲಸವೇನಿದೆ? ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಸಹಿಸಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ, ಅಂದರೆ ಹೋದ ಕಾಲಕ್ಕೆ ಕಳಿಸುವ ಟಪಾಲು. ಇದುವರೆಗೆ ಒಂದಕ್ಕೂ ಉತ್ತರ ಬಂದಿಲ್ಲ.

ನಾವಿರುವುದು ಬಿಸಿಲಿಗೆ ಹೆದರಿ ಹಳೆಯ ಗಣಿಯೊಳಗೆ ಕೊರೆದುಕೊಂಡ ಮನೆಗಳಲ್ಲಿ. ಜೋಳ ಬೆಳೆಯುವುದು ದೀಪದ ಕೆಳಗೆ, ರೊಟ್ಟಿ ಬಡಿಯುವುದು ಮಾತ್ರ ಈಗಲೂ ಕೈಯಲ್ಲೇ. ಅದರ ಬಗ್ಗೆ ದೂರಿಲ್ಲ. ಮಕ್ಕಳಾಗುವುದು ನಿಂತಿದೆ. ನೀರಿನ ದೋಷ ಅನ್ನುತ್ತಾರೆ, ಗಾಳಿಯ ದೋಷ ಅನ್ನುತ್ತಾರೆ, ಯಾರಿಗೂ ಏನೂ ಗೊತ್ತಿಲ್ಲ. ಇಡೀ ಊರಿಗೆ ಒಂದೇ ಕೂಸು, ನನ್ನ ಮೊಮ್ಮಗಳಾದ ದಾನವ್ವನ ಮಗಳು ಚೆನ್ನಿ. ಎರಡು ತುಂಬಲು ಬಂತು. ಮಾತಿಲ್ಲ, ಆಟವಿಲ್ಲ.

ಮದುವೆಯಾದವರು ಮುಂದೆ ಹುಟ್ಟುವ ಕೂಸಿಗೆಂದು ಒಂದು ಆಟಿಕೆ ಮಾಡಿ ಗೋಡೆಯ ಗೂಡಿನಲ್ಲಿಡುವುದು ನಮ್ಮ ಪದ್ಧತಿ. ಅದಕ್ಕೆ ಕಾಯುಗೊಂಬೆ ಎನ್ನುತ್ತೇವೆ. ಬಂಡಿಯಾಗಲಿ ಬುಗುರಿಯಾಗಲಿ, ಹೆಸರು ಅದೇ. ವಯಸ್ಸು ದಾಟಿ ಆಸೆ ಬಿಟ್ಟ ಮೇಲೆ ಅದನ್ನು ಕೂಸಿರುವ ಮನೆಗೆ ಒಪ್ಪಿಸುತ್ತಾರೆ. ಒಪ್ಪಿಸಿದ್ದನ್ನು ದಿನಾ ಬೆಳಿಗ್ಗೆ ಕೂಸಿನ ಮುಂದೆ ಇಡಲೇಬೇಕು. ಎತ್ತಿಟ್ಟರೆ ಒಪ್ಪಿಸಿದವರ ಮನೆತನ ಮುಗಿಯಿತು ಎಂದು ಅರ್ಥ. ಕೂಸುಗಳು ಬಹಳ ಇದ್ದಾಗ ಇದು ನಡೆಯಿತು. ಈಗ ಊರಿನ ಗೂಡುಗಳೆಲ್ಲ ಖಾಲಿಯಾಗಿ ನಮ್ಮ ಪಡಸಾಲೆ ತುಂಬಿದೆ. ಚೆನ್ನಿ ನಡುವೆ ಕೂತು ಒಂದನ್ನು ಮುಟ್ಟುತ್ತಾಳೆ, ಬಿಡುತ್ತಾಳೆ, ಇನ್ನೊಂದಕ್ಕೆ ತಿರುಗುತ್ತಾಳೆ, ಕಡೆಗೆ ಎಲ್ಲದಕ್ಕೂ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಮೊನ್ನೆ ದಾನವ್ವನಿಗೆ ಜ್ವರ. ರೊಟ್ಟಿ, ಔಷಧಿ ಎಲ್ಲ ನನ್ನ ತಲೆಗೇ ಬಿದ್ದು, ಆಟಿಕೆ ಹರಡುವ ಗೋಜಿಗೆ ಹೋಗಲಿಲ್ಲ. ಮೂಲೆಯಲ್ಲಿ ಒಂದು ಮರದ ಬಂಡಿ ಉಳಿದಿತ್ತು. ಚೆನ್ನಿ ಅದಕ್ಕೆ ಜೋಳದ ಕಾಳು ತುಂಬಿದಳು, ನೂಕಿದಳು, ಸುರಿದಳು, ಮತ್ತೆ ತುಂಬಿದಳು. ಬಂಡಿ ಹೊಸ್ತಿಲು ದಾಟಿ ಉರುಳಿದಾಗ, ಹೋತು ಅಂದಳು. ಅವಳ ಮೊದಲ ಮಾತು. ಜ್ವರದಲ್ಲೂ ದಾನವ್ವ ಎದ್ದು ಬಂದಳು. ಅಷ್ಟರಲ್ಲಿ ಪಕ್ಕದ ಮನೆಯ ಸಂಕಪ್ಪ ಬಾಗಿಲಿಗೆ ಬಂದ. ಅವನ ಹೆಂಡತಿ ಸಾಯುವ ಮೊದಲು ಮಾಡಿದ ಮಣ್ಣಿನ ಗಿಳಿ ಚೆನ್ನಿಯ ಮುಂದೆ ಇರಲಿಲ್ಲ. ಅವನು ಜಗಳ ತೆಗೆಯಲಿಲ್ಲ.

“ಆಯಿ, ನಮ್ಮ ಮನಿ ಮುಗೀತೇನು?”

ಊರಿಗೆಲ್ಲ ಬೈದು ಬಾಯಿ ಮುಚ್ಚಿಸುವ ನಾನೇ ಒಳಗೆ ಹೋಗಿ ಗಿಳಿ ತಂದೆ, ಅದರ ಹಿಂದೆ ಉಳಿದವನ್ನೂ ತಂದು ಹರಡಿದೆ. ಚೆನ್ನಿ ಕಣ್ಣು ಮುಚ್ಚಿದಳು.

ನಿಮ್ಮ ಕಾಲದಲ್ಲಿ ಓಣಿ ತುಂಬ ಮಕ್ಕಳಿದ್ದರಂತೆ. ಎರಡು ತುಂಬದ ಕೂಸಿನ ಮುಂದೆ ಎಷ್ಟು ಆಟಿಕೆ ಇಡುತ್ತಿದ್ದಿರಿ? ಅಷ್ಟು ಬರೆಯಿರಿ, ಬುದ್ಧಿವಾದ ಬೇಡ. ಯಾವುದನ್ನು ಎತ್ತಿಡುವುದು ಎನ್ನುವುದು ನನ್ನ ತಲೆನೋವು. ಇದು ನಿಮ್ಮ ಮಾತು ಎಂದು ನಾನು ಹೇಳಿದರೆ ಜನ ನನ್ನನ್ನು ಬಿಟ್ಟು ನಿಮ್ಮನ್ನು ಬೈದುಕೊಳ್ಳುತ್ತಾರೆ. ಯಾವಾಗಲೋ ಸತ್ತವರು ನೀವು, ನಿಮಗೇನು ನಷ್ಟ? ಊರು ಉಳಿಯುತ್ತದೆ ಎಂದು ನಾನು ನಂಬಿಲ್ಲ. ನಮ್ಮೆಲ್ಲರ ನಂತರ ಚೆನ್ನಿ ಒಬ್ಬಳೇ. ಒಬ್ಬಳೇ ಇರಬೇಕಾದವಳು ತನ್ನಷ್ಟಕ್ಕೆ ಆಡುವುದನ್ನಾದರೂ ಕಲಿಯಬೇಕಲ್ಲ.

ಮಾರ್ಚ್ ಹದಿನೈದಕ್ಕೆ ಅವಳಿಗೆ ಎರಡು ತುಂಬುತ್ತದೆ. ಊರೆಲ್ಲ ಬಂದು ತಮ್ಮ ತಮ್ಮ ಗೊಂಬೆ ಹುಡುಕುತ್ತಾರೆ. ಹದಿನಾಲ್ಕರೊಳಗೆ ಉತ್ತರ ಬರಬೇಕು.