ಇಲ್ಲದ್ದಕ್ಕೆ ಹತ್ತಿದ ಬಣ್ಣ

ಲ್ಯಾಬು, ಮೂರನೆಯ ಮಹಡಿ
ಹದಿನಾಲ್ಕನೆಯ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಹೋದ ಸಲ ಫೋನಿನಲ್ಲಿ ನೀನು ಆಡಿದ ನಾಲ್ಕು ಮಾತುಗಳಲ್ಲಿ ಮೂರು ಸೊಂಟದ್ದು, ಉಳಿದ ಒಂದು 'ಇಡ್ತೀನಿ' ಎಂಬುದು. ನಿನ್ನ ಹೆಂಡತಿಯ ಕಣ್ಣುರಿ ಹೇಗಿದೆ? ನನಗೇನೂ ಆಗಿಲ್ಲ. ಕನ್ನಡಕದ ನಂಬರು ಏರಿದೆ. ಹಗಲೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತವರಿಗೆ ಅದು ಸಂಬಳದ ಜೊತೆ ಬರುವಂಥದ್ದು. ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ಫೋನಿನಲ್ಲಿ ಆಡಿದ ಮಾತನ್ನು ಫೋನಿನಲ್ಲೇ ವಾಪಸು ತೆಗೆದುಕೊಂಡರೆ ಅದು ತೀರಾ ಸುಲಭವಾಗಿಬಿಡುತ್ತದೆ. ಸುತ್ತಿ ಬಳಸದೆ ಹೇಳುತ್ತೇನೆ. ಅಪ್ಪನ ಮಿದುಳಿನಲ್ಲಿ ಇದೆ ಎಂದು ನಾನು ಹೇಳಿದ್ದು ಅಲ್ಲಿ ಇರಲಿಲ್ಲ. ಅಪ್ಪನಿಗೆ ಬಂದದ್ದು ವಂಶದಲ್ಲಿ ಇಳಿಯುವ ಕಾಯಿಲೆಯಲ್ಲ. ಅದು ನಿನಗೆ ಇಳಿದಿಲ್ಲ. ನಿನ್ನಿಂದ ಯಾರಿಗೂ ಇಳಿಯುತ್ತಿರಲಿಲ್ಲ. ಈ ಕೊನೆಯ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಅಪ್ಪನ ಕೊನೆಯ ವರ್ಷ ನಿನಗೆ ನೆನಪಿದೆ. ನಲವತ್ತು ವರ್ಷ ಅಂಗಿ ಹೊಲಿದ ಕೈ ಒಂದು ದಿನ ಎರಡೂ ತೋಳುಗಳನ್ನು ಒಂದೇ ಕಡೆಗೆ ಕೂಡಿಸಿತು. ಗಿರಾಕಿ ನಕ್ಕ, ಅಪ್ಪನೂ ನಕ್ಕ, ನಾವಿಬ್ಬರು ನಗಲಿಲ್ಲ. ನಾನು ಮಿದುಳಿನ ಲ್ಯಾಬಿನಲ್ಲಿ ಕೆಲಸ ಮಾಡುವುದು ಅಪ್ಪನಿಗೆ ಕೊನೆಯವರೆಗೂ ತಮಾಷೆಯೇ ಆಗಿತ್ತು. ದಾನಪತ್ರಕ್ಕೆ ಸಹಿ ಹಾಕುವಾಗ, "ಬದುಕಿದ್ದಾಗ ಅದು ನಂಗೆ ಕೆಲಸಕ್ಕೆ ಬರ್ಲಿಲ್ಲ, ನಿಂಗಾದ್ರೂ ಬರ್ಲಿ ತಗೋ" ಎಂದಿದ್ದ. ಆ ಮಿದುಳು ಲ್ಯಾಬಿಗೆ ಬಂದಾಗ ಬೇರೆಯವರ ಕೈಗೆ ಕೊಡಬೇಕಿತ್ತು. ನಾನೇ ತೆಗೆದುಕೊಂಡೆ. ಅಪ್ಪನನ್ನು ಮೇಣದಲ್ಲಿ ಹುಗಿದು, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿದೆ. ಆಗ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದಿರುವುದೇ ಕೆಲಸದ ಶಿಸ್ತು ಎಂದುಕೊಂಡಿದ್ದೆ.

ನಾವು ಏನು ಮಾಡುತ್ತೇವೆಂದು ನಿನಗೆ ಎಂದೂ ಬಿಡಿಸಿ ಹೇಳಲಿಲ್ಲ. ಮಿದುಳಿನಲ್ಲಿ ಒಂದು ಪ್ರೋಟೀನು ಗಂಟುಕಟ್ಟಿದೆಯೇ ಎಂಬುದು ಹಾಗೇ ನೋಡಿದರೆ ಕಾಣುವುದಿಲ್ಲ. ಅದಕ್ಕೆ ಮೊಲ ಬೇಕು. ಆ ಪ್ರೋಟೀನನ್ನು ಮೊಲಕ್ಕೆ ಚುಚ್ಚಿದರೆ, ಅದರ ಮೈ ಇದು ಹೊರಗಿನದು ಎಂದು ಹಟ ಹಿಡಿದು, ಅದನ್ನು ಹಿಡಿಯುವ ಆಂಟಿಬಾಡಿಗಳನ್ನು ತಯಾರಿಸುತ್ತದೆ. ಆ ರಕ್ತದ ತಿಳಿಯನ್ನು ಮಿದುಳಿನ ಸೀಳಿನ ಮೇಲೆ ಬಿಟ್ಟು, ತೊಳೆದು, ಬಣ್ಣ ಕೊಟ್ಟರೆ, ಅವು ಕಚ್ಚಿಕೊಂಡಲ್ಲೆಲ್ಲ ಕಂದು. ತೊಂದರೆಯೆಂದರೆ ಒಂದು ಮೊಲದ ರಕ್ತದಲ್ಲಿ ಒಂದೇ ಬಗೆಯ ಆಂಟಿಬಾಡಿ ಇರುವುದಿಲ್ಲ, ಸಂತೆಯಷ್ಟು ಇರುತ್ತವೆ. ನಮಗೆ ಬೇಕಾದದ್ದನ್ನು ಹಿಡಿಯುವವು ಕೆಲವು. ಆ ಮೊಲ ಹಿಂದೆಂದೋ ಪಟ್ಟ ಕಾಯಿಲೆಗಳ ದ್ವೇಷ ಇಟ್ಟುಕೊಂಡು, ಸಿಕ್ಕಿದ್ದನ್ನು ಕಚ್ಚುವವು ಹಲವು. ಅದಕ್ಕೇ ಚುಚ್ಚುವ ಮೊದಲು ಅದೇ ಮೊಲದಿಂದ ಸ್ವಲ್ಪ ರಕ್ತ ತೆಗೆದಿಡುವುದು ನಮ್ಮಲ್ಲಿ ರೂಢಿ. ಆ ಮೊದಲಿನ ರಕ್ತವೂ ಕಂದು ಬಣ್ಣ ಕೊಟ್ಟರೆ, ಕಂಡದ್ದು ಪ್ರೋಟೀನಲ್ಲ, ಮೊಲದ ಸ್ವಂತ ವ್ಯವಹಾರ ಎಂದು ಅರ್ಥ. ನಮ್ಮ ಮೊಲವನ್ನು ಪ್ರಾಣಿಕೋಣೆಯವರು ಯಜಮಾನ್ರು ಎನ್ನುತ್ತಿದ್ದರು. ಯಜಮಾನ್ರು ಸತ್ತು ಎಷ್ಟೋ ಕಾಲವಾದ ಮೇಲೂ ಅವರ ರಕ್ತ ಸಣ್ಣ ಕೊಳವೆಗಳಲ್ಲಿ ಫ್ರೀಜರಿನಲ್ಲಿತ್ತು. ಲ್ಯಾಬಿನ ಹೆಸರೆಲ್ಲ ಅದರ ಮೇಲೇ ನಿಂತಿತ್ತು.

ಅಪ್ಪನ ಗಾಜಿನ ಮೇಲೆ ಕಂದು ಬಂತು. ವಂಶದ ಕಾಯಿಲೆಯಲ್ಲಿ ಬರಬೇಕಾದ ಜಾಗದಲ್ಲೇ ಬಂತು. ನಿನ್ನ ರಕ್ತ ನೋಡಿ ಹೇಳುವ ಪರೀಕ್ಷೆ ಆಗ ಇರಲಿಲ್ಲ. ನೀನು ದಿನಾ ಫೋನು ಮಾಡುತ್ತಿದ್ದ ವಾರ ಅದು. ಎಂಟು ವರ್ಷ ಕಾದ ಮೇಲೆ ನಿನ್ನ ಹೆಂಡತಿಗೆ ಎರಡು ತಿಂಗಳು ತುಂಬಿತ್ತು. "ಅಕ್ಕಾ, ಹೌದೋ ಅಲ್ವೋ, ಒಂದೇ ಮಾತಲ್ಲಿ ಹೇಳು" ಅಂದೆ. ನಾನು ಒಂದೇ ಮಾತಲ್ಲಿ ಹೌದು ಎಂದೆ. ನೀನು "ಸರಿ ಬಿಡು" ಅಂದೆ. ಮುಂದಿನ ವಾರ ಇಬ್ಬರೂ ಆಸ್ಪತ್ರೆಗೆ ಹೋಗಿ ಬಂದಿರಿ. ಅವಳಿಗೆ ಆಗ ಮೂವತ್ತೊಂಬತ್ತು. ಕೇಳಿದವರಿಗೆ ಗರ್ಭ ನಿಲ್ಲಲಿಲ್ಲ ಎಂದಷ್ಟೇ ಹೇಳಿದಿರಿ. ಆಮೇಲೆ ನಾನು ನಿಮ್ಮ ಮನೆಗೆ ಬಂದಾಗ ಒಲೆಯ ಪಕ್ಕ, ಬೀಗದ ಪಕ್ಕ, ನಲ್ಲಿಯ ಮೇಲೆ ಚೀಟಿಗಳಿದ್ದವು. ಮರೆವು ಬರುವ ಮೊದಲೇ ನೀನು ಅದಕ್ಕೆ ಮನೆ ಸಜ್ಜು ಮಾಡಿಟ್ಟಿದ್ದೆ.

ಹೋದ ತಿಂಗಳು ನಮ್ಮಲ್ಲಿಗೆ ಒಬ್ಬಳು ಹೊಸ ಸಂಶೋಧಕಿ ಬಂದಳು. ಎಲ್ಲದಕ್ಕೂ ಯಾಕೆ ಎನ್ನುವುದರಿಂದ ಎರಡೇ ದಿನದಲ್ಲಿ ಪ್ರಶ್ನೆಪತ್ರಿಕೆ ಎಂದು ಹೆಸರು ಬಿತ್ತು. ಆ ಪ್ರೋಟೀನೇ ಇಲ್ಲದಂತೆ ಹುಟ್ಟಿಸಿದ ಇಲಿಗಳ ಮಿದುಳು ತರಿಸಿ, ಯಜಮಾನ್ರ ರಕ್ತ ಹಾಕಿ ನೋಡಿದಳು. ನನ್ನ ಮೇಜಿನ ಹತ್ತಿರ ಬಂದು, ತಪ್ಪು ತನ್ನದೇ ಎಂಬಂತೆ, "ಮೇಡಂ, ಇಲ್ದೇ ಇರೋದು ಕಾಣಿಸ್ತಾ ಇದೆ" ಎಂದಳು. ಮುಖ್ಯಸ್ಥರು ತೊಳೆದದ್ದು ಸಾಲದು ಎಂದರು. ಇನ್ನೂ ಮೂರು ಸಲ ಮಾಡಿ, ಮೂರು ಸಲವೂ ಹೆಚ್ಚು ಹೊತ್ತು ತೊಳೆದಳು. ಮೂರು ಸಲವೂ ಕಂದು. ಆಮೇಲೆ ಮುಖ್ಯಸ್ಥರು ಕಿಟಕಿಯ ಹತ್ತಿರ ಹೋಗಿ ನಿಂತು, ಹನ್ನೊಂದು ಪ್ರಬಂಧ ಅಚ್ಚಾಗಿವೆಯಲ್ಲ ಎಂದರು, ನಮಗಲ್ಲ, ಹೊರಗೆ ನಿಲ್ಲಿಸಿದ್ದ ತಮ್ಮ ಕಾರಿಗೆ. ಚುಚ್ಚುವ ಮೊದಲಿನ ರಕ್ತ ಎಲ್ಲಿ ಎಂದು ಅವಳು ಕೇಳಿದಳು. ಮುಗಿದಿದೆ ಎಂದೆ. ಯಾವಾಗ ಎಂದು ಕೇಳಲಿಲ್ಲ. ಅವಳು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ.

ಅಪ್ಪನ ಮೇಣದ ತುಂಡು ಇನ್ನೂ ಇತ್ತು. ಅಂಥ ಇಲಿಗಳ ಮೇಲೆ ಹಾಕಿ ಒರೆಹಚ್ಚಿದ ಬೇರೊಂದು ಆಂಟಿಬಾಡಿ ತರಿಸಿ, ಯಾರ ಮಿದುಳೆಂದು ಹೇಳದೆ ಅವಳ ಕೈಗೆ ಕೊಟ್ಟೆ. ಗಾಜು ತಿಳಿಯಾಗಿ ಬಂತು. ಇನ್ನೊಂದು ಆಸ್ಪತ್ರೆಗೂ ಕಳಿಸಿದೆ, ಅವರದೂ ಅದೇ ಮಾತು. ಅಪ್ಪನಿಗೆ ಆದದ್ದು ಸಣ್ಣ ರಕ್ತನಾಳಗಳು ಒಂದೊಂದಾಗಿ ಕಟ್ಟಿಕೊಂಡದ್ದು. ಸಿಗರೇಟು, ರಕ್ತದೊತ್ತಡ, ನಲವತ್ತು ವರ್ಷ ಒಂದೇ ಕುರ್ಚಿ. ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಇದನ್ನು ಒಳ್ಳೆಯ ಸುದ್ದಿ ಎಂದು ಬರೆಯಲು ಆಗಲಿಲ್ಲ. ನಿನ್ನ ತಲೆ ಉಳಿಯಿತು. ನೀನು ಎಂಬತ್ತರವರೆಗೂ ಎಲ್ಲವನ್ನೂ ನೆನಪಿಟ್ಟುಕೊಂಡು ಬದುಕುತ್ತೀಯ, ಇದನ್ನೂ. ಮೊಲದ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ವಾರ ಪ್ರಯತ್ನಪಟ್ಟೆ. ಅದು ತನ್ನ ಮೈ ಕಾಯ್ದುಕೊಂಡಿತು, ಅಷ್ಟೇ. ಲ್ಯಾಬಿನಲ್ಲಿ ಎಲ್ಲರೂ ಅದನ್ನು ನಂಬಿದ್ದೆವು, ನಾನೂ ನಂಬಿದೆ. ನಿನ್ನ ಹೆಂಡತಿಗೆ ಹೇಳುವುದೋ ಬಿಡುವುದೋ ಎಂದು ನಾನು ಸಲಹೆ ಕೊಡುವುದಿಲ್ಲ. ನನ್ನ ಒಂದು ಮಾತು ಆ ಮನೆಯಲ್ಲಿ ಮಾಡಬೇಕಾದ್ದನ್ನು ಮಾಡಿಯಾಗಿದೆ.

ಇಬ್ಬರೂ ಹುಷಾರಾಗಿರಿ. ಹರಸುವ ಕೈ ನನ್ನದಾಗಬಾರದು ಅನ್ನಿಸಿದರೂ ನಿನಗೆ ಉಳಿದಿರುವ ಹಿರಿಯಳು ನಾನೊಬ್ಬಳೇ. ಹರಸಿದ್ದೇನೆ.

ನಿನ್ನ,
ಅಕ್ಕ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಎಲ್ಲರೂ ನಂಬಿದ್ದೆವು ಎಂದು ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಚುಚ್ಚುವ ಮೊದಲಿನ ರಕ್ತದ ಕೊನೆಯ ಹನಿ ಖರ್ಚಾದದ್ದು ಅಪ್ಪನ ಮೇಲೆ. ಆ ದಿನ ಎರಡು ಗಾಜು ಮಾಡಿದ್ದೆ, ಒಂದಕ್ಕೆ ಚುಚ್ಚಿದ ಮೇಲಿನ ರಕ್ತ, ಎರಡನೆಯದಕ್ಕೆ ಮೊದಲಿನದು. ಎರಡನೆಯದೂ ಕಂದಾಗಿತ್ತು. ಸರಿಯಾಗಿ ತೊಳೆದಿಲ್ಲ ಎಂದುಕೊಂಡು ಅದನ್ನು ಒಡೆದ ಗಾಜಿನ ಡಬ್ಬಕ್ಕೆ ಹಾಕಿದೆ. ಲ್ಯಾಬಿನ ಪುಸ್ತಕದಲ್ಲಿ ಒಂದೇ ಗಾಜು ಎಂದು ಬರೆದೆ. ಮತ್ತೆ ಮಾಡಿ ನೋಡಲು ರಕ್ತ ಇರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಇತ್ತು. ಆಗ ಗಂಟೆ ನಾಲ್ಕು. ನಿನ್ನ ಫೋನು ಬಂದದ್ದು ಐದಕ್ಕೆ.