ಇನ್ನು ಮನೆಗೆ ಬಾ ಅಣ್ಣ

ಪ್ರೀತಿಯ ಅಣ್ಣನಿಗೆ,

ಸಿಸೇರಿಯನ್ ಆಗಿ ಇವತ್ತಿಗೆ ಒಂಬತ್ತು ದಿನ. ಬೆನ್ನುನೋವಿಗೆಂದು ಶುರುವಾದ ಆ ಬಲವಾದ ಮಾತ್ರೆ ನಿನ್ನನ್ನು ಎರಡು ವರ್ಷ ಬಿಡದೆ ಹಿಡಿದದ್ದನ್ನು ಕಂಡವಳು ನಾನು. ಅದನ್ನೇ ನನಗೂ ಬರೆದುಕೊಟ್ಟಾಗ ಹೆದರಿ, ಯಾವ ಮಾತ್ರೆಯನ್ನೂ ನುಂಗದೆ ಹಲ್ಲು ಕಚ್ಚಿಕೊಂಡಿದ್ದೆ. ಮೂರನೇ ದಿನ ಮಗುವಿನತ್ತ ಹೊರಳಲೂ ಆಗದೆ ಅತ್ತುಬಿಟ್ಟೆ. ನರ್ಸಮ್ಮ ಗದರಿದರು: "ನೋವು ಬರಲಿ ಅಂತ ಕಾಯ್ತೀಯಲ್ಲ ತಾಯಿ, ಅದೇನು ನೆಂಟರಾ? ಮಾಮೂಲಿ ಮಾತ್ರೆಗಳನ್ನ ಗಂಟೆಗೆ ಸರಿಯಾಗಿ ತಗೋ. ತಡೆಯೋಕೇ ಆಗದಿದ್ರೆ ಮಾತ್ರ ಆ ಇನ್ನೊಂದು."

ಹಾಗೇ ಮಾಡಿದೆ. ಬಲವಾದದ್ದು ಎರಡೇ ಸಾಕಾಯಿತು. ಈಗ ನಕ್ಕರೆ ಮಾತ್ರ ಹೊಲಿಗೆ ಜಗ್ಗುತ್ತದೆ. ನಿದ್ದೆ ಕೆಡಿಸುವುದು ನಿನ್ನ ಈ ಪುಟ್ಟ ಸೋದರಸೊಸೆ, ನೋವಲ್ಲ.

ಆ ಮಾತ್ರೆ ಇರುವ ಮನೆಗೆ ಕಾಲಿಡುವುದಿಲ್ಲ ಅಂದಿದ್ದೆಯಲ್ಲ, ಉಳಿದದ್ದನ್ನೆಲ್ಲ ಇವರು ಬೆಳಿಗ್ಗೆ ಆಸ್ಪತ್ರೆಗೆ ವಾಪಸು ಕೊಟ್ಟು ಬಂದರು. ನಾಳೆ ಬಂದು ಅವಳನ್ನು ಎತ್ತಿಕೋ. ನಾನು ಒಂದು ಗಂಟೆ ಮಲಗುತ್ತೇನೆ.

ನಿನ್ನ ತಂಗಿ